ಎದುರು ಅರ್ಥ ಹೇಳುವವರು ಯಾರು? ಅನಿಮೆಯ ಮೂವರು ಖಳರು ಮತ್ತು ಒಂದು ತಾಳಮದ್ದಳೆಯ ಪ್ರಶ್ನೆ

ಧ್ವನಿ ಸರಿಯಾಗಿ ಕೇಳ್ತಾ ಉಂಟಾ? ಆಗ ನಡುವಲ್ಲಿ ಒಮ್ಮೆ ಹೋಯಿತು. ಇಲ್ಲಿ ಕುಂಬಳೆ ಕಡೆ ಬೆಳಿಗ್ಗೆಯಿಂದ ಮಳೆ, ಕರೆಂಟು ಯಾವಾಗ ಹೋಗ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಕಟ್ ಆದರೆ ಎರಡು ನಿಮಿಷ ಕಾಯಿರಿ, ಮೊಬೈಲ್‌ನಿಂದ ಬರ್ತೇನೆ. ಮಳೆಯ ವಿಷಯ ಪ್ರಬಂಧದ ಒಳಗೂ ಬರ್ಲಿಕ್ಕುಂಟು.

ಗಡಿನಾಡಿನ ಕನ್ನಡ ಗೋಷ್ಠಿಯಲ್ಲಿ ಜಪಾನಿನ ಅನಿಮೆಯ ಖಳನಾಯಕರ ಬಗ್ಗೆ ಮಾತಾಡ್ತೇನೆ ಅಂದಾಗ ನನ್ನ ಮಾರ್ಗದರ್ಶಕರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಯ್ತು, ಆದರೆ ಕತೆ ಹೇಳಿ ಮುಗಿಸಬೇಡ' ಅಂದರು. ಆ ಮಾತನ್ನು ನೆನಪಿಟ್ಟುಕೊಂಡೇ ಬರೆದಿದ್ದೇನೆ. ಆದರೂ ನೋಡದವರಿಗಾಗಿ ಅಲ್ಲಲ್ಲಿ ಕತೆ ಹೇಳಲೇಬೇಕಾಗ್ತದೆ. ಇನ್ನು ಮುಂದೆ ನೋಡುವವರಿದ್ದರೆ ಕ್ಷಮಿಸಿ, ಕೊನೆಗಳನ್ನೆಲ್ಲ ಬಿಟ್ಟುಕೊಡ್ತೇನೆ.

ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಅನಿಮೆ ನೋಡುವುದು ಜಪಾನಿ ಧ್ವನಿಯಲ್ಲಿ, ಇಂಗ್ಲಿಷ್ ಅಕ್ಷರಗಳನ್ನು ಓದುತ್ತಾ. ಹೀಗೆ ನೋಡುವವರಿಗೆ ಒಂದು ಅನುಕೂಲ ಉಂಟು: ಯಾವ ಭಾಷೆಯೂ ಪೂರ್ತಿ ತನ್ನದಲ್ಲದ ಕಾರಣ ಯಾರು ಮಾತಾಡಿದರೂ ಗಮನವಿಟ್ಟು ಕೇಳಬೇಕಾಗ್ತದೆ. ಖಳ ಮಾತಾಡುವಾಗಲೂ ಅಷ್ಟೆ. ನನ್ನ ಪ್ರಬಂಧದ ಮೂಲ ಅಲ್ಲೇ ಇರುವುದು. ಕೆಲವು ಖಳರು ಮಾತಾಡುವಾಗ ನಾಯಕ ಏನು ಉತ್ತರ ಕೊಡ್ತಾನೆ ಅಂತ ಕಾಯ್ತೇವೆ. ಕೆಲವರ ವಿಷಯದಲ್ಲಿ, ಮಾತು ಮುಗಿದರೆ ಸಾಕು, ಹೊಡೆದಾಟ ಸುರುವಾಗಲಿ ಅನ್ನಿಸ್ತದೆ. ಈ ಎರಡರ ವ್ಯತ್ಯಾಸ ಏನು?

ಸಾಮಾನ್ಯವಾಗಿ ಸಿಗುವ ಉತ್ತರ: ಒಳ್ಳೆಯ ಖಳನಿಗೆ ಒಂದು ದುಃಖದ ಭೂತಕಾಲ ಇರಬೇಕು. ಅವನು ಹುಟ್ಟಾ ಕೆಟ್ಟವನಲ್ಲ, ಲೋಕ ಅವನನ್ನು ಕೆಡಿಸಿತು, ಹಾಗಾಗಿ ನಮಗೆ ಅವನ ಮೇಲೆ ಮರುಕ. ಕನ್ನಡ ಎಂ.ಎ. ಮಾಡುವವರಿಗೆ ಈ ಉತ್ತರ ಬಹಳ ಹತ್ತಿರದ್ದು. ಧನಂಜಯನ ದಶರೂಪಕದಲ್ಲಿ ಪ್ರತಿನಾಯಕ ಅಂದರೆ ಲೋಭಿ, ಧೀರೋದ್ಧತ, ಹಠಮಾರಿ, ಪಾಪಿ, ವ್ಯಸನಿ, ಅಲ್ಲಿಗೆ ಮುಗಿಯಿತು. ಅದರಿಂದ ಹೊರಬಂದು ನಾವು ನಾಗಚಂದ್ರನ ರಾವಣನ ಹತ್ತಿರ ಹೋಗ್ತೇವೆ. ಸೀತೆಯನ್ನು ಕಂಡು ಮನಸ್ಸು ಕರಗಿ, ಯುದ್ಧದಲ್ಲಿ ಗೆದ್ದ ಮೇಲೆ ಅವಳನ್ನು ಒಪ್ಪಿಸಿಬಿಡ್ತೇನೆ ಅಂದುಕೊಳ್ಳುವ ರಾವಣ. ಬಿ.ಎಂ.ಶ್ರೀ. ಅವನಲ್ಲಿ ದುರಂತ ನಾಯಕನನ್ನು ಕಂಡರು. ಅದು ಆ ಕಾಲಕ್ಕೆ ದೊಡ್ಡ ಓದು, ಸಂಶಯ ಇಲ್ಲ. ಆದರೆ ನಂತರದ ನಮ್ಮಂಥವರಿಗೆ ಅದು ಒಂದು ಅಭ್ಯಾಸವಾಗಿಬಿಟ್ಟಿದೆ. ಪರೀಕ್ಷೆಯಲ್ಲಿ ಯಾವ ಖಳ ಬಂದರೂ 'ದುರಂತ ನಾಯಕ' ಅಂತ ಬರೆದು ಹತ್ತಕ್ಕೆ ಏಳು ಅಂಕ ತೆಗೆದುಕೊಳ್ಳುವುದು. ನಾನೂ ಬರೆದಿದ್ದೇನೆ.

ಈ ದುಃಖದ ಭೂತಕಾಲದ ಸೂತ್ರವನ್ನು ಅತಿ ಹೆಚ್ಚು ಬಳಸಿದ ಅನಿಮೆ ಅಂದರೆ 'ಡೀಮನ್ ಸ್ಲೇಯರ್'. ಕೊಯೊಹರು ಗೊತೊಗೆ 2016ರಿಂದ 2020ರವರೆಗೆ ಬರೆದ ಮಾಂಗಾ, 2019ರಿಂದ ಯೂಫೊಟೇಬಲ್ ಸ್ಟುಡಿಯೋ ಅದನ್ನು ಅನಿಮೆ ಮಾಡುತ್ತಾ ಬಂದಿದೆ. 2020ರ 'ಮುಗೆನ್ ಟ್ರೈನ್' ಸಿನಿಮಾದಲ್ಲಿ ಅಕಾಜಾ ಎಂಬ ರಾಕ್ಷಸ ಬಂದು ರೆಂಗೊಕುವನ್ನು ಕೊಲ್ಲುತ್ತಾನೆ. ಥಿಯೇಟರಿನಲ್ಲಿ ಅತ್ತವರೇ ಹೆಚ್ಚು. 2025ರ 'ಇನ್ಫಿನಿಟಿ ಕಾಸಲ್' ಸಿನಿಮಾದಲ್ಲಿ ಅದೇ ಅಕಾಜಾನ ಹಿಂದಿನ ಕತೆ ಬರ್ತದೆ. ಕಾಯಿಲೆಯ ಅಪ್ಪನ ಔಷಧಿಗಾಗಿ ಕದಿಯುವ ಹುಡುಗ, ಮಗ ಕಳ್ಳನಾದನಲ್ಲ ಅಂತ ನೇಣು ಹಾಕಿಕೊಳ್ಳುವ ಅಪ್ಪ, ಆಮೇಲೆ ಅವನನ್ನು ಮನೆಗೆ ಕರೆದು ಸಾಕುವ ಗುರು, ಗುರುವಿನ ಮಗಳ ಜೊತೆ ಮದುವೆಯ ಮಾತು, ಪಕ್ಕದ ಗರಡಿಯವರು ಬಾವಿಗೆ ವಿಷ ಹಾಕಿ ಇಬ್ಬರನ್ನೂ ಕೊಂದದ್ದು, ಇವನು ಬರಿಗೈಯಲ್ಲಿ 67 ಜನರನ್ನು ಕೊಂದದ್ದು. ಈಗ ಅಕಾಜಾನಿಗಾಗಿ ಅಳಬೇಕು. ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಹೊರಗೆ ಬಂದ ಮೇಲೆ ಒಂದು ವಿಷಯ ಹೊಳೆಯಿತು. ಈ ಸರಣಿಯಲ್ಲಿ ರಾಕ್ಷಸರ ದುಃಖದ ಕತೆ ಬರುವುದು ಹೆಚ್ಚಾಗಿ ಅವರ ತಲೆ ಬಿದ್ದ ಮೇಲೆ, ಅಥವಾ ಬೀಳುವ ಹೊತ್ತಿಗೆ. ಅಂದರೆ ಅವರಿಂದ ಇನ್ನು ಅಪಾಯ ಇಲ್ಲ ಅಂತ ಖಾತ್ರಿಯಾದ ಮೇಲೆ ನಮಗೆ ಮರುಕಪಡಲು ಅನುಮತಿ ಸಿಗ್ತದೆ. ಬೊಜ್ಜದ ದಿನ ಎಲ್ಲರೂ ಸತ್ತವನ ಗುಣಗಾನ ಮಾಡ್ತಾರಲ್ಲ, ಹಾಗೆ. ಆ ಮರುಕಕ್ಕೆ ನಾವು ಏನನ್ನೂ ತೆರಬೇಕಾಗಿಲ್ಲ.

ನಾನು ಬೇರೆ ಕಡೆಯಿಂದ ಹೋಗಬೇಕು ಅಂದುಕೊಂಡೆ. ಜಪಾನಿನ ರಂಗಭೂಮಿಯಲ್ಲೇ ಖಳರ ವಿಂಗಡಣೆ ಹಳೆಯದು. ಕಬುಕಿಯಲ್ಲಿ ಖಳ ಪಾತ್ರಕ್ಕೆ 'ಕತಕಿಯಾಕು' ಅಂತ ಹೆಸರು. 'ಕುಮದೊರಿ' ಎಂಬ ಮುಖವರ್ಣಿಕೆಯಲ್ಲಿ ವೀರನಿಗೆ ಕೆಂಪು ಗೆರೆ, ಕೇಡಿಗೆ ನೀಲಿ ಗೆರೆ. ಆದರೆ ಎಲ್ಲ ಕೇಡಿಗಳಿಗೂ ನೀಲಿ ಬಳಿಯುವುದಿಲ್ಲ. 'ಇರೊಅಕು' ಅಂತ ಒಂದು ಬಗೆ ಉಂಟು: ಬಿಳಿ ಮುಖದ ಚೆಲುವ ಕೇಡಿ. 1825ರ 'ಯೊತ್ಸುಯಾ ಕೈದಾನ್' ನಾಟಕದಲ್ಲಿ ಹೆಂಡತಿಗೆ ದ್ರೋಹ ಮಾಡುವ ಇಯೆಮೊನ್ ಈ ಜಾತಿಯವನು. ಮುಖ ನೋಡಿದರೆ ಗೊತ್ತಾಗದ ಕೆಡುಕು. ನಮ್ಮ ತೆಂಕುತಿಟ್ಟಿನ ಬಣ್ಣದ ವೇಷ ನೋಡಿ ಬೆಳೆದವರಿಗೆ ನೀಲಿ ಗೆರೆಯವನು ಕೂಡಲೇ ಅರ್ಥವಾಗ್ತಾನೆ. ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟು ಗಂಟೆಗಟ್ಟಲೆ ಮುಖ ಬರೆದು, ತೆರೆಯ ಹಿಂದಿನಿಂದ ಅಬ್ಬರಿಸಿ, ದೊಂದಿಗೆ ರಾಳ ಎರಚಿ ಬೆಂಕಿ ಎಬ್ಬಿಸಿ ಬರುವ ರಾವಣ. ಮಕ್ಕಳು ಹೆದರಿ ಅಮ್ಮನ ಸೆರಗು ಹಿಡಿಯುವುದೂ ಅವನಿಗೆ, ಮರುದಿನ ಅಂಗಳದಲ್ಲಿ ಕುಣಿಯುವುದೂ ಅವನದೇ ಕುಣಿತ. ಎರಡೂ ಕಲೆಗಳಿಗೆ ಸಂಬಂಧ ಉಂಟು ಅಂತ ನಾನು ಹೇಳುತ್ತಿಲ್ಲ ಆಯ್ತಾ, ಹಾಗೆ ಹೇಳಿದರೆ ಇಲ್ಲಿರುವ ಹಿರಿಯರು ನನ್ನನ್ನು ಬಿಡುವುದಿಲ್ಲ. ನೋಡುವ ಕಣ್ಣಿನ ಅಭ್ಯಾಸದ ಬಗ್ಗೆ ಮಾತ್ರ ಹೇಳಿದ್ದು.

ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬಣ್ಣದ ವೇಷ ಅಲ್ಲ, ತಾಳಮದ್ದಳೆ. ಸೊಲ್ಲಾಪುರ, ಹೊಸೂರು ಕಡೆಯವರಿಗಾಗಿ ಒಂದು ಮಾತು: ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಪಾತ್ರವಾಗಿ ವಾದ ಮಾಡ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ವಾಲಿಯ ಅರ್ಥ ಹೇಳುವವರು, 'ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಯಾಕೆ?' ಅಂತ ಕೇಳಿದರೆ ರಾಮನ ಅರ್ಥಧಾರಿ ಅಲ್ಲೇ ಉತ್ತರ ಹುಡುಕಬೇಕು. ಕತೆಯಲ್ಲಿ ವಾಲಿ ಸಾಯುವುದು ನಿಶ್ಚಯ, ಆದರೆ ಆ ರಾತ್ರಿ ವಾದದಲ್ಲಿ ಗೆಲ್ಲುವವರು ಯಾರು ಅಂತ ನಿಶ್ಚಯ ಇಲ್ಲ. ನಮ್ಮ ಕಾಸರಗೋಡಿನವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರ ಬಗ್ಗೆ ಇವತ್ತಿಗೂ ಜನ ಮಾತಾಡುವುದು ಈ ಕಾರಣಕ್ಕೆ. ಹಾಗಾಗಿ ನನ್ನ ಅಳತೆಗೋಲು ಇಷ್ಟೆ: ಈ ಖಳನನ್ನು ತಾಳಮದ್ದಳೆಗೆ ಕೂರಿಸಿದರೆ ಎದುರು ಕೂರುವವನಿಗೆ ಬೆವರು ಬರ್ತದಾ?

ಈ ಅಳತೆಯಲ್ಲಿ ಮೊದಲು ಬರುವವನು 'ನರುಟೊ'ದ ಪೇಯ್ನ್. ಮಸಾಶಿ ಕಿಶಿಮೊಟೊ 1999ರಿಂದ 2014ರವರೆಗೆ ಬರೆದ ಮಾಂಗಾ. 'ಶಿಪ್ಪುಡೆನ್' ಭಾಗದ ಅನಿಮೆ 2007ರಿಂದ 2017ರವರೆಗೆ 500 ಕಂತು. (500ರಲ್ಲಿ ನೋಡದೆ ಬಿಡಬಹುದಾದದ್ದು ಎಷ್ಟೋ ಉಂಟು, ಅದು ಬೇರೆ ಪ್ರಬಂಧ.) ಪೇಯ್ನ್ ಅಂದರೆ ಇಂಗ್ಲಿಷಿನ ನೋವು. ಜಪಾನಿಯಲ್ಲಿ ನೋವಿಗೆ 'ಇತಮಿ' ಅಂತ ಪದ ಇದ್ದರೂ ಅವನು ಇಂಗ್ಲಿಷಿನ ಹೆಸರು ಇಟ್ಟುಕೊಂಡಿದ್ದಾನೆ. ನಿಜ ಹೆಸರು ನಾಗಾತೊ. ಅವನ ಊರು ಮಳೆಯ ಊರು, ಅಮೆಗಕುರೆ. ಯಾವಾಗಲೂ ಮಳೆ. ಸುತ್ತ ಬೆಂಕಿ, ಗಾಳಿ, ಭೂಮಿ ಎಂಬ ದೊಡ್ಡ ನಾಡುಗಳು. ಅವು ಯುದ್ಧ ಮಾಡಿಕೊಳ್ಳುವಾಗ ತಮ್ಮ ತಮ್ಮ ನೆಲದಲ್ಲಿ ಮಾಡಿಕೊಳ್ಳುವುದಿಲ್ಲ, ಈ ಸಣ್ಣ ನಾಡಿಗೆ ಬಂದು ಮಾಡ್ತಾರೆ. ಹಾಗೆ ಬಂದ ಕೊನೊಹಾ ಊರಿನ ಇಬ್ಬರು ನಿಂಜಾಗಳು ಊಟ ಹುಡುಕುತ್ತಾ ಒಂದು ಮನೆಗೆ ನುಗ್ಗಿ, ಶತ್ರುಗಳು ಅಂತ ತಪ್ಪು ತಿಳಿದು ಗಂಡ ಹೆಂಡತಿಯನ್ನು ಕೊಲ್ಲುತ್ತಾರೆ. ಅವರ ಮಗ ನಾಗಾತೊ. ಕೊನೊಹಾ ಅಂದರೆ ನಾಯಕ ನರುಟೊನ ಊರು. ನೂರಾರು ಕಂತು ನಾವು ಪ್ರೀತಿಯಿಂದ ನೋಡಿದ, ರಾಮೆನ್ ಅಂಗಡಿ ಇರುವ, ಬಿಸಿಲು ಬೀಳುವ ಊರು.

ನಾಗಾತೊ ಅನಾಥ. ಜೊತೆಗೆ ಯಾಹಿಕೊ, ಕೊನಾನ್ ಅಂತ ಇನ್ನಿಬ್ಬರು ಅನಾಥರು. ಕೊನೊಹಾದವನೇ ಆದ ಜಿರಾಯ ಮೂರು ವರ್ಷ ಇದ್ದು ಅವರಿಗೆ ವಿದ್ಯೆ ಕಲಿಸ್ತಾನೆ. ದೊಡ್ಡವರಾಗಿ ಶಾಂತಿಗಾಗಿ ಸಂಘಟನೆ ಕಟ್ಟಿದಾಗ ಅವರ ಊರಿನ ಯಜಮಾನ ಹಾಂಜೊ, ಕೊನೊಹಾದ ಡಾಂಜೊ ಜೊತೆ ಸೇರಿ ಮೋಸದಲ್ಲಿ ಹಿಡಿದು, ಕೊನಾನ್ ಬದುಕಬೇಕಾದರೆ ಯಾಹಿಕೊನನ್ನು ಕೊಲ್ಲು ಅನ್ನುತ್ತಾನೆ. ಯಾಹಿಕೊ ತಾನೇ ಓಡಿಬಂದು ಗೆಳೆಯನ ಕೈಯ ಕತ್ತಿಗೆ ಬೀಳ್ತಾನೆ. ಆಮೇಲೆ ನಾಗಾತೊ ಹೊರಗೆ ಓಡಾಡುವುದು ಸತ್ತವರ ದೇಹಗಳ ಮೂಲಕ. ಮುಖ್ಯ ದೇಹ ಯಾಹಿಕೊನದ್ದು. ಅಂದರೆ ಅವನ ವೇಷವೇ ಸತ್ತ ಗೆಳೆಯ. ಆ ಬಾಯಿಂದ ಬರುವ ಒಂದೊಂದು ಮಾತನ್ನೂ ನಾವು ಇದನ್ನು ನೆನಪಿಟ್ಟುಕೊಂಡು ಕೇಳಬೇಕು.

ಅವನು ಬಂದು ಒಂದೇ ಹೊಡೆತಕ್ಕೆ ಕೊನೊಹಾವನ್ನು ಗುಂಡಿಯಾಗಿಸ್ತಾನೆ. ಆಮೇಲೆ ಸೋತು ಬಿದ್ದ ನರುಟೊನ ಎದುರು ಕುಳಿತು ವಾದಕ್ಕೆ ಇಳಿಯುತ್ತಾನೆ. ವಾದ ಹೀಗೆ: ನಿಮ್ಮವರು ನಮ್ಮವರನ್ನು ಕೊಂದರೆ ಅದು ನ್ಯಾಯ, ನಾವು ಕೊಂದರೆ ಸೇಡು. ಸೇಡಿನಿಂದ ಸೇಡು. ನಾನು ಎಷ್ಟು ದೊಡ್ಡ ಆಯುಧ ಮಾಡ್ತೇನೆ ಅಂದರೆ ಅದರ ನೋವು ಒಮ್ಮೆ ತಿಂದವರು ಭಯದಿಂದ ಸುಮ್ಮನಿರಬೇಕು, ಮರೆತಾಗ ಮತ್ತೊಮ್ಮೆ. ನಿನ್ನ ಹತ್ತಿರ ಬೇರೆ ದಾರಿ ಉಂಟಾ? ಎರಡು ಬಾಂಬು ತಿಂದ ದೇಶದಲ್ಲಿ, ಆಮೇಲೆ ಇನ್ನೊಬ್ಬರ ಬಾಂಬಿನ ನೆರಳಲ್ಲಿ ಶಾಂತವಾಗಿರುವ ದೇಶದಲ್ಲಿ, ಹುಡುಗರ ವಾರಪತ್ರಿಕೆಯೊಂದರಲ್ಲಿ ಇದು ಬಂತು ಅನ್ನುವುದನ್ನು ಯೋಚಿಸಿ. ನರುಟೊ ಅಲ್ಲಿ ಪ್ರಾಮಾಣಿಕ: ಗೊತ್ತಿಲ್ಲ ಅನ್ನುತ್ತಾನೆ. ನನ್ನ ಮಟ್ಟಿಗೆ ಇಡೀ ಸರಣಿಯ ಎತ್ತರ ಅದು.

ಆಮೇಲೆ ಇಳಿಯುತ್ತದೆ. ನರುಟೊ ನಿಜವಾದ ನಾಗಾತೊನನ್ನು ಹುಡುಕಿ ಹೋಗಿ, ಅವನ ಕತೆ ಪೂರ್ತಿ ಕೇಳಿ, ಗುರು ಜಿರಾಯ ಬರೆದ ಪುಸ್ತಕ ತೋರಿಸಿ, ಗುರು ನಂಬಿದ್ದನ್ನು ನಾನೂ ನಂಬ್ತೇನೆ, ನಿನ್ನನ್ನು ಕೊಲ್ಲುವುದಿಲ್ಲ ಅನ್ನುತ್ತಾನೆ. ನಾಗಾತೊ ಕರಗಿ, ಕೊನೊಹಾದಲ್ಲಿ ಸತ್ತವರನ್ನೆಲ್ಲ ಬದುಕಿಸಿ ತಾನು ಸಾಯ್ತಾನೆ.

ನನ್ನ ಮಾಮ ಒಬ್ಬರು ಹವ್ಯಾಸಿ ಅರ್ಥಧಾರಿ. ಅನಿಮೆ ನೋಡುವವರಲ್ಲ. ಒಂದು ಮಳೆಗಾಲದ ಸಂಜೆ ಅಡಿಕೆ ಸುಲಿಯುತ್ತಾ ಕುಳಿತಿದ್ದವರಿಗೆ ಈ ಪ್ರಸಂಗ ಪೂರ್ತಿ ಹೇಳಿದೆ. ಕೈ ನಿಲ್ಲಿಸದೆ ಕೇಳಿದರು. ಪೇಯ್ನ್‌ನ ವಾದ ಮುಗಿದಾಗ ಮಾತ್ರ ತಲೆ ಎತ್ತಿ, 'ಹ್ಞಾಂ, ಇದಕ್ಕೆ ಆ ಹುಡುಗ ಏನು ಹೇಳಿದ?' ಅಂದರು. ಹೇಳಿದೆ. ಗುರು, ಪುಸ್ತಕ, ನಂಬಿಕೆ. 'ಅದು ಉತ್ತರ ಅಲ್ಲ ಮಾರಾಯ. ಅದು ಎದುರಿನವನು ಸೋಲಲಿಕ್ಕೆ ತಯಾರಾಗಿದ್ದದ್ದು' ಅಂತ ಹೇಳಿ ಮತ್ತೆ ಅಡಿಕೆ ಸುಲಿಯಲು ಸುರು ಮಾಡಿದರು. ಈ ಪ್ರಸಂಗದ ಮೇಲೆ ನಾನು ಓದಿದ ಯಾವ ಬರಹಕ್ಕಿಂತಲೂ ಇದು ಸರಿಯಾದ ವಿಮರ್ಶೆ. ಸತ್ತವರನ್ನು ಬದುಕಿಸಿದ ಕೂಡಲೇ ನರುಟೊನ ಕ್ಷಮೆಗೆ ತೂಕ ಕಡಿಮೆಯಾಯಿತು. ಯಾರನ್ನೂ ಶಾಶ್ವತವಾಗಿ ಕಳೆದುಕೊಳ್ಳದೆ ಕ್ಷಮಿಸುವುದು ಸುಲಭ. ಜಿರಾಯ ಒಬ್ಬ ಮಾತ್ರ ಹಿಂದೆ ಬರುವುದಿಲ್ಲ, ಅಷ್ಟೇ ಕತೆ ಉಳಿಸಿಕೊಂಡ ಮರ್ಯಾದೆ.

ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು. ಹದಿನಾರನೇ ವಯಸ್ಸಿನಲ್ಲಿ ಇದನ್ನು ನೋಡಿದಾಗ ನಾನು ಪೇಯ್ನ್‌ನ ಪಕ್ಷ. ದೊಡ್ಡ ನಾಡುಗಳ ನಡುವೆ ಸಿಕ್ಕಿಬಿದ್ದ ಸಣ್ಣ ಊರು, ಯಾವಾಗಲೂ ಮಳೆ, ನಿರ್ಧಾರ ಮಾಡುವವರೆಲ್ಲ ದೂರ. ಇದು ನಮ್ಮ ಕತೆ ಅಂತ ಅನ್ನಿಸಿತ್ತು. ನಮ್ಮ ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದ ವರ್ಷ ಅದು. ಗಣಿತದ ಲೆಕ್ಕ ಬೋರ್ಡಿನಲ್ಲಿ ನೋಡಿ ಊಹಿಸಿಕೊಳ್ಳಬೇಕಾಗಿತ್ತು. ಸಿಟ್ಟು ಇತ್ತು. ಮೊಬೈಲಿನ ಪರದೆಗೆ ಪೇಯ್ನ್‌ನ ಚಿತ್ರ ಹಾಕಿಕೊಂಡಿದ್ದೆ.

ಈಗ ನೋಡಿದರೆ ಆ ಹೋಲಿಕೆಗೆ ನಾಚಿಕೆಯಾಗ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು; ಚಂದ್ರಗಿರಿಯಿಂದ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು; ಆಗಲಿಲ್ಲ. ಇದು ನಿಜವಾದ ಅನ್ಯಾಯದ ಭಾವನೆ, ನಾನು ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ನಮ್ಮ ಮನೆಗೆ ಯಾರೂ ನುಗ್ಗಿ ಕೊಂದಿಲ್ಲ. ಪಕ್ಕದ ಮನೆಯ ಮಲಯಾಳದ ಅಜ್ಜಿ ನನ್ನ ಬಾಣಂತಿ ಅಕ್ಕನಿಗೆ ಎಣ್ಣೆ ಕಾಸಿ ಕೊಟ್ಟವರು. ಗಡಿನಾಡಿನ ನಮ್ಮ ಸಭೆಗಳಲ್ಲಿ 'ನೋವು' ಅನ್ನುವ ಪದ ಎಷ್ಟು ಸಲ ಬರ್ತದೆ ಅಂತ ಲೆಕ್ಕ ಇಟ್ಟವನು ನಾನು, ಬಿಡುವಿದ್ದಾಗ. ನಮಗೆ ನಮ್ಮ ಫ್ಲ್ಯಾಶ್‌ಬ್ಯಾಕ್ ಬಹಳ ಇಷ್ಟ. ನೋವು ಉಂಟು ಅಂತ ಹೇಳಿದ ಕೂಡಲೇ ಮುಂದಿನ ಮಾತಿಗೆ ರಹದಾರಿ ಸಿಕ್ಕಿತು ಅಂದುಕೊಳ್ತೇವೆ. ಪೇಯ್ನ್ ನನ್ನನ್ನು ಹಿಡಿದದ್ದು ಅವನ ನೋವಿನಿಂದ ಅಂದುಕೊಂಡಿದ್ದೆ. ಅಲ್ಲ. ಅವನು ಕೇಳಿದ ಪ್ರಶ್ನೆ ನನ್ನ ಊರಿನವರಿಗೂ ಅನ್ವಯಿಸ್ತದೆ ಅನ್ನುವುದು ಅವತ್ತು ಹೊಳೆದಿರಲಿಲ್ಲ. ನಾವು ಕೊನೊಹಾದವರೂ ಆಗಿರಬಹುದಲ್ಲ? ಕೊರಗರ ಕೇರಿಯ ಮಕ್ಕಳ ಹತ್ತಿರ ಕೇಳಿದರೆ ಬಿಸಿಲಿನ ಊರು ಯಾರದ್ದು, ಮಳೆಯ ಊರು ಯಾರದ್ದು ಅಂತ ಬೇರೆಯೇ ಉತ್ತರ ಬಂದೀತು.

ಇನ್ನು ಎರಡನೆಯವನು. ಇವನನ್ನು ತಾಳಮದ್ದಳೆಗೆ ಕೂರಿಸಲಿಕ್ಕೇ ಆಗುವುದಿಲ್ಲ, ಹಾಗಾಗಿ ನನ್ನ ಅಳತೆಗೋಲು ಇಲ್ಲಿ ಮುರಿಯುತ್ತದೆ. ನಾವೊಕಿ ಉರಾಸಾವಾ 1994ರಿಂದ 2001ರವರೆಗೆ ಬರೆದ 'ಮಾನ್‌ಸ್ಟರ್', ಮ್ಯಾಡ್‌ಹೌಸ್ ಸ್ಟುಡಿಯೋ 2004-05ರಲ್ಲಿ 74 ಕಂತಾಗಿ ಮಾಡಿತು. ನಡೆಯುವುದು ಜರ್ಮನಿ ಮತ್ತು ಚೆಕ್ ದೇಶದಲ್ಲಿ. 1986, ಡಸೆಲ್‌ಡಾರ್ಫ್. ಜಪಾನಿನ ಮಿದುಳು ಶಸ್ತ್ರವೈದ್ಯ ಡಾಕ್ಟರ್ ಟೆನ್ಮಾ. ಹಿಂದೊಮ್ಮೆ ಆಸ್ಪತ್ರೆಯವರ ಮಾತು ಕೇಳಿ, ಮೊದಲು ಬಂದ ಟರ್ಕಿ ಕೂಲಿಯಾಳನ್ನು ಬಿಟ್ಟು ಒಬ್ಬ ಗಾಯಕನಿಗೆ ಆಪರೇಷನ್ ಮಾಡಿದ್ದಾನೆ, ಕೂಲಿಯಾಳು ಸತ್ತಿದ್ದಾನೆ. ಅದರ ಪಶ್ಚಾತ್ತಾಪದಿಂದ, ಎರಡನೇ ಸಲ ಊರಿನ ಮೇಯರನ್ನು ಬಿಟ್ಟು ಮೊದಲು ಬಂದ ಹುಡುಗನನ್ನು ಉಳಿಸ್ತಾನೆ. ಮೇಯರ್ ಸಾಯ್ತಾನೆ, ಟೆನ್ಮಾನ ಸ್ಥಾನ ಹೋಗ್ತದೆ, ಮದುವೆ ಮುರಿಯುತ್ತದೆ. ಒಂಬತ್ತು ವರ್ಷದ ಮೇಲೆ ಗೊತ್ತಾಗ್ತದೆ, ಉಳಿಸಿದ ಹುಡುಗ ಜೋಹಾನ್ ಒಬ್ಬ ಕೊಲೆಗಾರ.

ಸಾಮಾನ್ಯವಾಗಿ ನಾಯಕನ ತಪ್ಪಿನಿಂದ ಖಳ ಹುಟ್ಟುತ್ತಾನೆ. ಇಲ್ಲಿ ನಾಯಕ ಬದುಕಿನಲ್ಲಿ ಮಾಡಿದ ಅತಿ ಸರಿಯಾದ ಕೆಲಸದಿಂದ ಖಳ ಬದುಕುಳಿದಿದ್ದಾನೆ. ಎಲ್ಲ ಜೀವವೂ ಸಮ ಅನ್ನುವ ತತ್ವವನ್ನು ಟೆನ್ಮಾ ಬಿಡಬೇಕಾ? ಬಿಟ್ಟರೆ ಜೋಹಾನ್ ಗೆದ್ದ. ಬಿಡದಿದ್ದರೆ ಜನ ಸಾಯ್ತಾ ಹೋಗ್ತಾರೆ. ಜೋಹಾನ್ ಏನನ್ನೂ ವಾದಿಸಬೇಕಾಗಿಲ್ಲ, ಅವನು ಉಸಿರಾಡುತ್ತಿರುವುದೇ ವಾದ.

ಅವನು ಇರೊಅಕು ಜಾತಿಯವನು: ಹೊಂಬಣ್ಣದ ಕೂದಲು, ಸಭ್ಯ ಮಾತು, ನೊಜೊಮು ಸಾಸಾಕಿಯ ಮೆಲುದನಿ. 74 ಕಂತಿನಲ್ಲಿ ಅವನು ಪರದೆಗೆ ಬರುವುದು ಬಹಳ ಕಡಿಮೆ. ಬಂದಾಗ ಹೆಚ್ಚಾಗಿ ಕೇಳ್ತಾ ಕುಳಿತಿರುತ್ತಾನೆ. ಕುಡಿತ ಬಿಟ್ಟು ಸುಧಾರಿಸಿಕೊಳ್ಳುತ್ತಿರುವ ಮಾಜಿ ಪೊಲೀಸ್ ರಿಚರ್ಡ್‌ನ ಪ್ರಸಂಗ ನೆನಪಿರಬಹುದು. ಜೋಹಾನ್ ಅವನಿಗೆ ಹೊಸದೇನನ್ನೂ ಹೇಳುವುದಿಲ್ಲ. ಆ ಮನುಷ್ಯ ತನ್ನಿಂದಲೇ ಮುಚ್ಚಿಟ್ಟುಕೊಂಡದ್ದನ್ನು ಎತ್ತಿ ಅವನ ಮುಂದೆ ಇಡ್ತಾನೆ, ಅಷ್ಟೆ. ನನಗೆ ಹೆದರಿಕೆಯಾದದ್ದು ಇಂಥ ಕಡೆ. ರಕ್ತ ನೋಡಿ ಅಲ್ಲ.

ಈಗ ದುಃಖದ ಭೂತಕಾಲದ ಸೂತ್ರಕ್ಕೆ ಬರೋಣ. ಜೋಹಾನ್‌ಗೆ ಭೂತಕಾಲ ಇಲ್ಲದಿಲ್ಲ, ಬೇಕಾದಷ್ಟು ಉಂಟು: ಪೂರ್ವ ಬರ್ಲಿನ್ನಿನ ಅನಾಥಾಲಯ ಕಿಂಡರ್‌ಹೈಮ್ 511, ಪ್ರಾಗ್‌ನ ಕೆಂಪು ಗುಲಾಬಿಯ ಬಂಗಲೆ, ಹೆಸರಿಲ್ಲದ ರಾಕ್ಷಸನ ಚಿತ್ರಪುಸ್ತಕ. ನೋಡುವವರು ಇಡೀ ಸರಣಿ ಇದನ್ನೇ ಬೆನ್ನಟ್ಟುತ್ತಾ ಹೋಗ್ತಾರೆ, ಕಾರಣ ಸಿಕ್ಕಿತು ಸಿಕ್ಕಿತು ಅಂತ. ಕೊನೆಗೆ ಗೊತ್ತಾಗುವುದೇನು? ಬಂಗಲೆಗೆ ಹೋಗಿ ಆ ಸಾವುಗಳನ್ನು ಕಂಡವಳು ಅವನ ಅವಳಿ ತಂಗಿ. ಅವಳು ಬಂದು ಹೇಳಿದ್ದನ್ನು ಕೇಳಿ ಕೇಳಿ ಅವನು ತನ್ನದೇ ನೆನಪು ಅಂದುಕೊಂಡಿದ್ದಾನೆ. ಅಂದರೆ ಅವನ ಅತಿ ಘೋರ ನೆನಪು ಅವನದಲ್ಲ! ಅದನ್ನು ನಿಜಕ್ಕೂ ಕಂಡ ನೀನಾ ರಾಕ್ಷಸಿ ಆಗಲಿಲ್ಲ. ಅದೇ ಅನಾಥಾಲಯದಿಂದ ಬಂದ ಗ್ರಿಮ್ಮರ್ ಅಳಲು ನಗಲು ಬಾರದವನಾಗಿ, ಮುಖ ಹೇಗಿಡಬೇಕು ಅಂತ ಕಲಿತುಕೊಂಡು ಬದುಕಿ, ಸಾಯುವ ಹೊತ್ತಿಗೆ ಹಿಂದೆ ಸತ್ತ ಮಗನಿಗಾಗಿ ಮೊದಲ ಸಲ ಅಳುತ್ತಾನೆ. ಒಂದೇ ಕಾರಣ, ಬೇರೆ ಬೇರೆ ಮನುಷ್ಯರು. ಉರಾಸಾವಾ ನಮಗೆ ಕಾರಣ ಕೊಟ್ಟ ಹಾಗೆ ಮಾಡಿ ಕೈಯಿಂದ ಕಿತ್ತುಕೊಳ್ತಾನೆ. ಕೊನೆಯ ದೃಶ್ಯದಲ್ಲಿ ಆಸ್ಪತ್ರೆಯ ಹಾಸಿಗೆ ಖಾಲಿ. ಈ ಕೊನೆಯ ಬಗ್ಗೆ ಜಗಳ ಮಾಡುವವರು ಬಹಳ ಜನ. ನನಗೆ ಅದಕ್ಕಿಂತ ಗ್ರಿಮ್ಮರನ ಅಳು ಮುಖ್ಯ.

ಮೂರನೆಯವಳ ಬಗ್ಗೆ ಹೇಳುವ ಮೊದಲೇ ಚಾಟ್‌ನಲ್ಲಿ ಯಾರೋ ಬರೆದಿದ್ದಾರೆ: 'ಎಬೊಶಿ ಖಳನಾಯಕಿ ಅಲ್ಲ'. ಸರಿ, ಅದನ್ನೇ ಮಾತಾಡೋಣ. ಹಯಾವೊ ಮಿಯಾಜಾಕಿಯ 1997ರ 'ಪ್ರಿನ್ಸೆಸ್ ಮೊನೊನೊಕೆ'. ಎಬೊಶಿ ಕಬ್ಬಿಣ ಕಾಸುವ ಊರು ಕಟ್ಟಿದವಳು. ಮರಳಿನ ಕಬ್ಬಿಣ ಕರಗಿಸಲು ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು. ಕಾಡು ಕಡಿಯುತ್ತಾಳೆ. ಅವಳ ಗುಂಡು ತಿಂದ ಹಂದಿದೇವರು ಸಿಟ್ಟಿನಲ್ಲಿ ಶಾಪವಾಗಿ ದೂರದ ಎಮಿಶಿ ಜನರ ಹುಡುಗ ಅಶಿತಾಕನ ಕೈಗೆ ಅಂಟುತ್ತದೆ. ಅವನು ಶಾಪದ ಮೂಲ ಹುಡುಕಿ ಬಂದರೆ ಕಾಣುವುದೇನು? ವೇಶ್ಯಾಗೃಹಗಳಿಂದ ಎಬೊಶಿ ಬಿಡಿಸಿ ತಂದ ಹೆಂಗಸರು ಜೋರಾಗಿ ನಗುತ್ತಾ ತಿದಿ ತುಳಿಯುತ್ತಿದ್ದಾರೆ. ಕುಷ್ಠರೋಗಿಗಳು ಕೋವಿ ತಯಾರಿಸುತ್ತಿದ್ದಾರೆ. ಅವರಲ್ಲಿ ಹಾಸಿಗೆ ಹಿಡಿದ ಮುದುಕ, ಅವಳನ್ನು ಕೊಲ್ಲಬೇಡ, ನಮ್ಮ ಕೊಳೆತ ಮೈ ತೊಳೆದವಳು ಅವಳೊಬ್ಬಳೇ ಅಂತ ಬೇಡಿಕೊಳ್ತಾನೆ. ಅಶಿತಾಕನ ಶಾಪದ ಕೈ ಮಾತ್ರ ತನ್ನಷ್ಟಕ್ಕೇ ಕತ್ತಿ ಎಳೆಯಲು ಒದ್ದಾಡುತ್ತದೆ.

ಗಮನಿಸಿ, ಸಿನಿಮಾದ ಒಳಗೆ ಎಬೊಶಿಯ ಹಿಂದಿನ ಕತೆ ಒಂದು ವಾಕ್ಯವೂ ಇಲ್ಲ. ಅವಳು ಯಾರ ಮಗಳು, ಏನು ಅನುಭವಿಸಿದಳು, ಏನೂ ಗೊತ್ತಿಲ್ಲ. ಅವಳ ಪರವಾಗಿ ಮಾತಾಡುವುದು ಅವಳ ನೋವಲ್ಲ, ಅವಳ ಕೆಲಸ. ಹಾಗೆಯೇ ಅವಳ ವಿರುದ್ಧ ಮಾತಾಡುವುದೂ ಅವಳ ಕೆಲಸವೇ. ಒಂದೇ ಕೋವಿ ಆ ಹೆಂಗಸರನ್ನು ಸಮುರಾಯಿಗಳಿಂದ ಕಾಪಾಡುತ್ತದೆ, ಕಾಡಿನ ದೇವರ ತಲೆಯನ್ನೂ ಹಾರಿಸುತ್ತದೆ. ಎರಡನ್ನು ಬೇರೆ ಮಾಡಲಿಕ್ಕಾಗುವುದಿಲ್ಲ. ಅವಳು ಖಳಳು ಹೌದು, ನನ್ನ ಪ್ರಕಾರ. ಅವಳನ್ನು ಖಳಳಲ್ಲ ಅನ್ನುವವರು ದೇವರ ತಲೆ ಕಡಿದದ್ದನ್ನು ಸಣ್ಣದು ಮಾಡುತ್ತಿದ್ದಾರೆ. ಒಳ್ಳೆಯವಳು ಅಂತ ಕಂಡ ಕೂಡಲೇ ಖಳರ ಪಟ್ಟಿಯಿಂದ ಹೆಸರು ತೆಗೆಯಬೇಕಾದರೆ, ನಮ್ಮ ಪಟ್ಟಿಯೇ ಮಕ್ಕಳದ್ದು ಅಂತ ಆಯಿತು. ಅವಳು ಒಂದು ಕೈ ಕಳೆದುಕೊಳ್ತಾಳೆ, ಸಾಯುವುದಿಲ್ಲ, ಮೊದಲಿನಿಂದ ಸುರು ಮಾಡೋಣ, ಒಳ್ಳೆಯ ಊರು ಕಟ್ಟೋಣ ಅನ್ನುತ್ತಾಳೆ. ತಾಳಮದ್ದಳೆಗೆ ಇವಳನ್ನು ಕೂರಿಸಿದರೆ ಎದುರು ಅರ್ಥ ಹೇಳಲಿಕ್ಕೆ ನಾನು ಮಾತ್ರ ಒಪ್ಪುವುದಿಲ್ಲ.

ಸಮಯ ಆಗ್ತಾ ಉಂಟು ಅಂತ ಸಂಚಾಲಕರು ಬರೆದಿದ್ದಾರೆ. ಕೆಲವರನ್ನು ಬೇಗ ಮುಗಿಸ್ತೇನೆ. 'ಡೆತ್ ನೋಟ್'ನ ಲೈಟ್ ಯಾಗಾಮಿಯನ್ನು ಸೇರಿಸಲಿಲ್ಲ, ಯಾಕೆಂದರೆ ಅವನ ವಾದ ಮೊದಲ ಕೆಲವು ಕಂತಿನಲ್ಲೇ ಮುಗಿದು ಆಮೇಲೆ ಉಳಿಯುವುದು ಚದುರಂಗ. ಅದ್ಭುತ ಚದುರಂಗ, ಆದರೆ ಚದುರಂಗ. 'ನರುಟೊ'ದ ಕೊನೆಯಲ್ಲಿ ಬರುವ ಕಾಗುಯಾ ಆಕಾಶದಿಂದ ಇಳಿದವಳು. ಅವಳ ಹತ್ತಿರ ಕೇಳಲಿಕ್ಕೂ ಹೇಳಲಿಕ್ಕೂ ಏನೂ ಇಲ್ಲ, ಪೇಯ್ನ್‌ನ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಕತೆ ಕಂಡುಕೊಂಡ ಹಿತ್ತಿಲ ಬಾಗಿಲು ಅವಳು. 'ಡೀಮನ್ ಸ್ಲೇಯರ್'ನ ಮುಜಾನ್ ಮಾಂಗಾದಲ್ಲಿ ಒಂದು ಕಡೆ, ನನ್ನನ್ನು ಪ್ರಕೃತಿ ವಿಕೋಪ ಅಂದುಕೊಳ್ಳಿ, ಸತ್ತವರ ಬಗ್ಗೆ ಯೋಚಿಸದೆ ದುಡಿದು ತಿನ್ನಿ ಅನ್ನುವ ಅರ್ಥದಲ್ಲಿ ಮಾತಾಡ್ತಾನೆ. ಅಕಾಜಾನ ಇಡೀ ಕತೆಗಿಂತ ಆ ಒಂದು ಮಾತು ನನಗೆ ಹೆಚ್ಚು ಕಾಡಿದ್ದು. ಭೂಕಂಪದ ದೇಶದಲ್ಲಿ ಒಬ್ಬ ಕೊಲೆಗಾರ ತನ್ನನ್ನು ಭೂಕಂಪ ಅಂತ ಕರೆದುಕೊಂಡು ಜವಾಬ್ದಾರಿಯಿಂದ ಜಾರಿಕೊಳ್ಳುತ್ತಾನೆ. ವಾದಕ್ಕೇ ಬರುವುದಿಲ್ಲ ಅನ್ನುವುದೂ ಒಂದು ವಾದ.

ಪ್ರಶ್ನೆಗಳಿಗೆ ಬರ್ತೇನೆ. ತಾಳವಾಡಿಯಿಂದ ಒಬ್ಬರು ಕೇಳಿದ್ದಾರೆ: ನಿಮ್ಮ ಮಾಮ ನರುಟೊನ ಅರ್ಥ ಹೇಳಿದರೆ ಪೇಯ್ನ್‌ಗೆ ಏನು ಉತ್ತರ ಕೊಡ್ತಿದ್ದರು?

ಅದನ್ನು ನಾನೂ ಅವತ್ತು ಕೇಳಿದ್ದೆ. ಅಡಿಕೆಯ ಗೋಣಿ ಕಟ್ಟುತ್ತಾ ಹೇಳಿದರು: 'ಉತ್ತರ ಅಂತ ಇಲ್ಲ ಅದಕ್ಕೆ. ನಾನಾದರೆ ಮೊದಲು ಅವನ ಅಪ್ಪ ಅಮ್ಮನ ಹೆಸರು ಕೇಳ್ತಿದ್ದೆ. ಕೊಂದದ್ದು ನಮ್ಮ ಊರಿನವರಲ್ಲವಾ?' ಆ ರಾತ್ರಿ ಆ ಕಂತುಗಳನ್ನು ತೆಗೆದು ಮತ್ತೆ ನೋಡಿದೆ. ನಾಗಾತೊ ತನ್ನ ಕತೆಯನ್ನೆಲ್ಲ ಹೇಳ್ತಾನೆ, ನರುಟೊ ಕೂತು ಕೇಳ್ತಾನೆ, ಅಳ್ತಾನೆ. ಹೆಸರು ಕೇಳುವುದಿಲ್ಲ.